ಮುಡಿ ದೇರಣ್ಣನ ಅರ್ಥಶಾಸ್ತ್ರ

“ಇನ್ನು ಈ ಮನೆಯಲ್ಲಿ ಒನಕೆ ಎದ್ದರೆ ನಾನು ದೇರಣ್ಣನೇ ಅಲ್ಲ!”

ಕಡಬ ಪೇಟೆಯಿಂದ ಬಂದವನು ಕಾಲು ತೊಳೆಯುವುದಕ್ಕೂ ಮೊದಲು ಅಂಗಳದಲ್ಲಿ ನಿಂತು ಹೀಗೆಂದು ಘೋಷಿಸಿದ. ಹೊಸ ಪೈಸೆ ಬಂದು ಒಂದು ವರ್ಷವಾಗಿತ್ತು. ದೇಶದ ತುಂಬ ಘೋಷಣೆಗಳೇ ಆಗುತ್ತಿದ್ದ ಕಾಲ. ದೇರಣ್ಣನೂ ಒಂದು ಮಾಡಿದರೆ ತಪ್ಪೇನು? ಆದರೆ ಕೇಳಲು ಇದ್ದವರು ಹೆಂಡತಿ ಕಮಲಾವತಿ ಮತ್ತು ಹಟ್ಟಿಯ ಎಮ್ಮೆ, ಇಬ್ಬರೇ. ಎಮ್ಮೆ ತಲೆ ಎತ್ತಿ ನೋಡಿತು. ಕಮಲಾವತಿ ಅಷ್ಟನ್ನೂ ಮಾಡದೆ ಒನಕೆ ಎತ್ತಿ ಇನ್ನೊಂದು ಪೆಟ್ಟು ಹಾಕಿದಳು.

“ಒನಕೆ ಏಳದಿದ್ರೆ ನಾಳೆ ಗಂಜಿಗೆ ಎಂತ ಹಾಕುದು? ನಿಮ್ಮ ಮಾತನ್ನಾ?”

“ಮಿಲ್ಲು ಬರ್ತಾ ಉಂಟು ಮಾರಾಯ್ತಿ, ಮಿಲ್ಲು! ಪುತ್ತೂರಿನ ಸಾಹುಲ್ ಹಮೀದ್ ಸಾಹುಕಾರ್ರು ಕಡಬದಲ್ಲಿ ಅಕ್ಕಿ ಮಿಲ್ಲು ಹಾಕ್ತಾರೆ. ಎಂಜಿನು ಮಂಗಳೂರಿಂದ ಹೊರಟಾಯ್ತಂತೆ. ನೀವು ನಾಲ್ಕು ಹೆಂಗಸರು ಇಡೀ ದಿನ ಕುಟ್ಟುದನ್ನು ಅದು ಒಂದು ವೀಳ್ಯ ಜಗಿಯುವಷ್ಟರಲ್ಲಿ ಮುಗಿಸ್ತದೆ!”

“ಹಾಗಾದ್ರೆ ನಾವು ನಾಲ್ಕು ಹೆಂಗಸರು ಎಂತ ಮಾಡುದು?”

ದೇರಣ್ಣ ಕಾಲು ತೊಳೆಯಲು ಹೋದ. ದೊಡ್ಡ ವಿಷಯ ಮಾತಾಡುವವರು ಸಣ್ಣ ಪ್ರಶ್ನೆಗೆ ಉತ್ತರ ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲವಷ್ಟೆ.

ಈ ದೇರಣ್ಣ ಯಾರೆಂದು ಹೇಳಬೇಕು. ಇಚಿಲಂಪಾಡಿಯಿಂದ ರಾಮಕುಂಜದವರೆಗೆ ಅವನಿಗೆ ‘ಮುಡಿ ದೇರಣ್ಣ’ ಎಂದೇ ಹೆಸರು. ಆಗೆಲ್ಲ ಮನೆಯ ಅಕ್ಕಿಯನ್ನು ಮುಡಿ ಕಟ್ಟಿಯೇ ಇಡುತ್ತಿದ್ದರು. ಉದ್ದನೆಯ ಬೈಹುಲ್ಲನ್ನು ಸುತ್ತಲೂ ಹರಡಿ ಹಾಸಿ, ನಡುವೆ ಮೂರು ಕಳಸೆ, ಅಂದರೆ ನಲವತ್ತೆರಡು ಸೇರು ಅಕ್ಕಿ ಸುರಿದು, ಹುಲ್ಲನ್ನು ಮೇಲಕ್ಕೆ ಮಡಚಿ, ಹುಲ್ಲಿನದೇ ಹಗ್ಗದಿಂದ ಬಿಗಿದು, ಕೋಲಿನಿಂದ ಬಡಿದು ಬಡಿದು ಗುಂಡಗೆ ಮಾಡಿದರೆ ಅದು ಮುಡಿ. ಗೇಣಿ ಕೊಡುವುದು ಮುಡಿಯಲ್ಲಿ. ಸಿರಿವಂತಿಕೆ ಅಳೆಯುವುದು ಮುಡಿಯಲ್ಲಿ. ಹೆಣ್ಣು ಕೊಡಲು ಬಂದವರು ಹುಡುಗನ ಮುಖ ನೋಡುವ ಮೊದಲು ಅಟ್ಟದ ಮೇಲಿನ ಮುಡಿಗಳನ್ನು ನೋಡುತ್ತಿದ್ದರು. ಕಟ್ಟಿದ್ದು ಸಡಿಲವಾದರೆ ಮಳೆಗಾಲದಲ್ಲಿ ಹುಳ ಬೀಳುತ್ತದೆ, ವರ್ಷದ ಅನ್ನ ಹಾಳಾಗುತ್ತದೆ. ದೇರಣ್ಣನ ಮುಡಿಗೆ ಹುಳ ಬಿದ್ದದ್ದನ್ನು ಕಂಡವರಿಲ್ಲ.

ಅವನಿಗೆ ಒಂದು ಗೇಣು ಗದ್ದೆ ಇರಲಿಲ್ಲ. ಆದರೂ ಕೊಯ್ಲು ಮುಗಿದ ಮೇಲೆ ಮನೆಮನೆಯಿಂದ ಕರೆ ಬರುತ್ತಿತ್ತು. ಹೋದಲ್ಲಿ ಜಗಲಿಯ ಮೇಲೆ ಚಾಪೆ, ಎಲೆ ಅಡಿಕೆ, ಬೆಲ್ಲ ನೀರು, ಕೂಲಿಗೆ ಅಕ್ಕಿ. ಉಳಿದ ಕೆಲಸದವರು ಅಂಗಳದಲ್ಲಿ ನಿಂತಿರುವಾಗ ತಾನು ಜಗಲಿಯಲ್ಲಿ ಕೂರುವುದು ಅವನಿಗೆ ಅನ್ನಕ್ಕಿಂತ ರುಚಿಯಾದ ಸಂಗತಿ. ಅವನ ಆಸ್ತಿ ಎಂದರೆ ಆ ಜಗಲಿ ಮತ್ತು ತನ್ನ ಎರಡು ಕೈ.

ಇಂಥವನ ತಲೆಗೆ ಅರ್ಥಶಾಸ್ತ್ರ ಹೊಕ್ಕದ್ದು ರಾಮಕುಂಜದಲ್ಲಿ. ಅಲ್ಲಿ ಮುಡಿ ಕಟ್ಟಲು ಹೋದ ದಿನ ಗ್ರಾಮಸೇವಕರೊಬ್ಬರು ಪಂಚವಾರ್ಷಿಕ ಯೋಜನೆಯ ಬಗ್ಗೆ ಭಾಷಣ ಮಾಡಿದರು. ಯಂತ್ರ ಬರಬೇಕು, ಉತ್ಪಾದನೆ ಹೆಚ್ಚಬೇಕು, ಉತ್ಪಾದನೆ ಹೆಚ್ಚಿದರೆ ಎಲ್ಲರಿಗೂ ಕೆಲಸ ಹೆಚ್ಚುತ್ತದೆ ಎಂದರು. ದೇರಣ್ಣ ‘ಎಲ್ಲರಿಗೂ’ ಎಂಬುದನ್ನು ‘ದೇರಣ್ಣನಿಗೆ’ ಎಂದು ಅರ್ಥ ಮಾಡಿಕೊಂಡು ಮನೆಗೆ ಬಂದ. ಭಾಷಣ ಕೇಳುವ ಎಲ್ಲರೂ ಹಾಗೆಯೇ ಮಾಡುವುದು.

“ಲೆಕ್ಕ ಕೇಳು ಕಮಲಾ. ಒನಕೆಯಲ್ಲಿ ಕುಟ್ಟಿದ್ರೆ ಅಕ್ಕಿ ಕಮ್ಮಿ. ಅಕ್ಕಿ ಕಮ್ಮಿ ಆದ್ರೆ ಮುಡಿ ಕಮ್ಮಿ. ಮಿಲ್ಲು ಬಂದ್ರೆ ಅಕ್ಕಿ ಜಾಸ್ತಿ. ಅಕ್ಕಿ ಜಾಸ್ತಿ ಆದ್ರೆ?”

“ಉಣ್ಣುವವರಿಗೆ ಆಯ್ತು.”

“ಮುಡಿ ಜಾಸ್ತಿ! ಮುಡಿ ಕಟ್ಟುವವ ಯಾರು?”

“ನೀವು.”

“ಈಗ ಗೊತ್ತಾಯ್ತಾ ದೇಶ ಮುಂದೆ ಹೋಗುದು ಹೇಗೆ ಅಂತ?”

ಲೆಕ್ಕದಲ್ಲಿ ಎಲ್ಲಿಯೂ ತಪ್ಪಿಲ್ಲ. ಓದಿದವರು ಹಾಕುವ ಲೆಕ್ಕವೂ ಹೀಗೆಯೇ, ಎಲ್ಲಿಯೂ ತಪ್ಪಿರುವುದಿಲ್ಲ.

ಮರುದಿನದಿಂದಲೇ ದೇರಣ್ಣ ಸಂಬಳವಿಲ್ಲದ ಪ್ರಚಾರಕನಾದ. ಕೊಯ್ಲಿಗೆ ಇನ್ನೂ ಮೂರು ತಿಂಗಳು ಇರುವಾಗಲೇ ಮನೆಮನೆಗೆ ಹೋಗಿ, “ಒನಕೆ ಬಿಡಿ, ಮಿಲ್ಲಿಗೆ ಕೊಡಿ” ಎಂದು ಶುರು ಮಾಡಿದ. ಸಾಹುಲ್ ಹಮೀದರಿಗೆ ಇದು ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೆ ಅವರಿಗೇ ಆಶ್ಚರ್ಯವಾಯಿತು. ದುಡ್ಡು ಕೊಟ್ಟು ಜನ ಇಟ್ಟಿದ್ದರೂ ಇಷ್ಟು ಕೆಲಸ ಆಗುತ್ತಿರಲಿಲ್ಲ!

ಊರಿನ ದೊಡ್ಡ ಬೇಸಾಯಗಾರ ತ್ಯಾಂಪಣ್ಣ ಗೌಡರ ಅಂಗಳದಲ್ಲಿ ಭತ್ತ ಕುಟ್ಟುತ್ತಿದ್ದವರು ನಾಲ್ವರು ಹೆಂಗಸರು. ಕಮಲಾವತಿ ಅವರಲ್ಲಿ ಒಬ್ಬಳು, ನೆರೆಮನೆಯ ಪಾತು ಇನ್ನೊಬ್ಬಳು. ಅವರ ಎದುರಿಗೇ ದೇರಣ್ಣ ಜಗಲಿಯಲ್ಲಿ ಕುಳಿತು ಗೌಡರಿಗೆ ಮಿಲ್ಲಿನ ಮಹಿಮೆ ವರ್ಣಿಸಿದ. ಪಾತು ಒನಕೆ ಗೋಡೆಗೆ ಒರಗಿಸಿ ಕೇಳಿದಳು.

“ದೇರಣ್ಣ, ನಮ್ಮ ಕೈಯಿಂದ ಇದನ್ನು ತೆಗೆದ್ರೆ ನಮ್ಮ ಹೊಟ್ಟೆಗೆ ಎಂತ?”

“ಕಾಲ ಬದಲಾಗ್ತದೆ ಪಾತು. ನಾವೂ ಬದಲಾಗ್ಲಿಕ್ಕೆ ಕಲಿಬೇಕು. ಹಳೆಯದನ್ನು ಹಿಡ್ಕೊಂಡು ಕೂತರೆ ಆಗ್ತದಾ?”

ಇಷ್ಟು ಹೇಳಿ ಗೌಡರ ತಟ್ಟೆಯಿಂದ ಎಲೆ ತೆಗೆದು ಸುಣ್ಣ ಹಚ್ಚಿದ. ಕಮಲಾವತಿಗೆ ನೆಲ ಬಿರಿದು ಒಳಗೆ ಹೋಗಬೇಕು ಅನಿಸಿತು. ಪಾತು ಮಾತ್ರ ಗಂಡಸರ ಮಾತಿಗೆ ಹೆಂಡತಿಯನ್ನು ಬೈಯುವವಳಲ್ಲ. ಆ ವರ್ಷವೇ ಅವಳು ಬೀಡಿ ಕಟ್ಟಲು ಕಲಿತಳು. ಬದಲಾಗಲು ಕಲಿತವಳು ಊರಲ್ಲಿ ಅವಳೊಬ್ಬಳೇ.

ಪ್ರಚಾರ ಮುಗಿದ ಮೇಲೆ ತಯಾರಿ. ದೇರಣ್ಣ ಮತ್ತೆ ಲೆಕ್ಕ ಹಾಕಿದ. ಮಿಲ್ಲು ದಿನಕ್ಕೆ ಮೂವತ್ತು ಮುಡಿ ಅಕ್ಕಿ ಮಾಡಿದರೆ ಮೂವತ್ತು ಮುಡಿಗೆ ಹುಲ್ಲು ಬೇಕು. ಎಲ್ಲರೂ ಒಮ್ಮೆಗೆ ಹುಲ್ಲಿಗೆ ಓಡಿದರೆ ಹುಲ್ಲು ಸಿಗುತ್ತದೆಯೇ? ಮೊದಲೇ ಕೂಡಿಟ್ಟವನು ಜಾಣ! ಆದರೆ ಕೂಡಿಡಲು ಅವನ ಕೈಯಲ್ಲಿ ಏನಿತ್ತು? ಹಟ್ಟಿಯಲ್ಲಿ ಎಮ್ಮೆ ಇತ್ತು.

ಕಮಲಾವತಿ ತವರಿನಿಂದ ಕರುವಾಗಿ ಹೊಡೆದುಕೊಂಡು ಬಂದ ಎಮ್ಮೆ ಅದು. ಕುಟ್ಟಿದ ಮನೆಗಳಿಂದ ಸೆರಗಿನಲ್ಲಿ ಕಟ್ಟಿ ತಂದ ತವುಡು ಹಾಕಿ ಸಾಕಿದ್ದಳು. ಈಗ ತುಂಬಿದ ಗಬ್ಬ. ದೇರಣ್ಣನಿಗೆ ಮಾತ್ರ ಅದರಲ್ಲಿ ಎರಡು ದೋಷ ಕಂಡವು: ಒಂದು, ಇನ್ನು ತವುಡು ಸಿಗುವುದಿಲ್ಲ. ಎರಡು, ಅದು ಹುಲ್ಲು ತಿನ್ನುತ್ತದೆ! ಮುಡಿಗೆ ಬೇಕಾದ ಹುಲ್ಲನ್ನು ಎಮ್ಮೆ ತಿಂದರೆ ಉದ್ಯಮ ಉಳಿಯುವುದು ಹೇಗೆ? ಕಮಲಾವತಿ ನೀರಿಗೆ ಹೋದ ಹೊತ್ತು ನೋಡಿ ಎಮ್ಮೆಯ ಹಗ್ಗ ಬಿಚ್ಚಿ ಗೌಡರಲ್ಲಿಗೆ ಹೊಡೆದುಕೊಂಡು ಹೋದ.

ತ್ಯಾಂಪಣ್ಣ ಗೌಡರು ಮುಖದಲ್ಲಿ ನಗು ಕಾಣದ ಹಾಗೆ ಮೀಸೆ ಉಜ್ಜಿಕೊಂಡರು.

“ಗಬ್ಬದ ಎಮ್ಮೆ ಅಲ್ವಾ ದೇರಣ್ಣ? ಸರಿಯಾಗಿ ಆಲೋಚನೆ ಮಾಡಿದ್ದೀಯಾ?”

“ಮಾಡಿ ಆಗಿದೆ ಗೌಡ್ರೆ. ಮೂರು ಗಾಡಿ ಬೈಹುಲ್ಲು ಕೊಡಿ. ಉದ್ದದ್ದು ಬೇಕು, ತುಂಡು ಹುಲ್ಲು ಬೇಡ.”

“ನಾಲ್ಕು ಕೊಡ್ತೇನೆ, ತಕೊ” ಎಂದರು ಗೌಡರು. ಉದಾರಿ ಮನುಷ್ಯ.

ನಾಲ್ಕು ಗಾಡಿ ಹುಲ್ಲು ಮನೆಗೆ ಬಂತು. ಕಮಲಾವತಿ ಬರಿದಾದ ಹಟ್ಟಿ ನೋಡಿದಳು, ತುಂಬಿದ ಅಂಗಳ ನೋಡಿದಳು.

“ಎಮ್ಮೆ ಎಲ್ಲಿ?”

“ಬಂಡವಾಳ ಆಗಿದೆ.”

“ಎಂತ?”

“ಬಂಡವಾಳ. ನಿನಗೆ ಗೊತ್ತಾಗುದಿಲ್ಲ.”

“ನನಗೆ ಗೊತ್ತಾಗುದು ಇಷ್ಟು. ಎಮ್ಮೆ ಹುಲ್ಲು ತಿಂತದೆ ಅಂತ ಎಮ್ಮೆ ಕೊಟ್ಟು ಹುಲ್ಲು ತಂದಿದ್ದೀರಿ. ಇನ್ನು ಇದನ್ನು ಯಾರು ತಿನ್ನುದು? ನೀವಾ?”

ಬೈದರೆ ತಡೆದುಕೊಳ್ಳಬಹುದಿತ್ತು. ಅವಳು ಹಟ್ಟಿಗೆ ಹೋಗಿ ಖಾಲಿ ಗೂಟದ ಹತ್ತಿರ ಕುಳಿತು ಅತ್ತಳು. ದೇರಣ್ಣನಿಗೂ ಒಳಗೆ ಚುರುಕ್ ಎಂದಿತು. ಆದರೆ ಉದ್ಯಮಿಯಾದವನು ಅತ್ತರೆ ಆಗುತ್ತದೆಯೇ? ಕೂತು ಹಗ್ಗ ಹೊಸೆಯತೊಡಗಿದ.

ಹೊಸೆದ, ಹೊಸೆದ, ಎರಡು ತಿಂಗಳು ಹೊಸೆದ! ಬಿಡಿಸಿ ಎಳೆದರೆ ಪುತ್ತೂರಿಗೆ ಹೋಗಿ ವಾಪಸು ಬರುವಷ್ಟು ಹಗ್ಗ. ಅಟ್ಟದಲ್ಲಿ ಹುಲ್ಲು, ಕೋಣೆಯಲ್ಲಿ ಹುಲ್ಲು, ನೀರಿನ ಹಂಡೆಯಲ್ಲಿ ಹುಲ್ಲು. ಕೋಳಿ ಎಲ್ಲಿ ಮೊಟ್ಟೆ ಇಟ್ಟಿದೆಯೆಂದು ಕೋಳಿಗೇ ನೆನಪಿಲ್ಲ. ಗಂಜಿಯಲ್ಲಿ ಸಿಕ್ಕಿದ ಹುಲ್ಲನ್ನು ಕಮಲಾವತಿ ಮಾತಿಲ್ಲದೆ ಗಂಡನ ಬಟ್ಟಲಿನ ಅಂಚಿಗೆ ಇಟ್ಟು ಹೋಗುತ್ತಿದ್ದಳು. ಬೆಂಕಿಯ ಭಯದಿಂದ ದೇರಣ್ಣ ಬೀಡಿ ಸೇದುವುದನ್ನು ಬಿಟ್ಟ. ಈ ಇಡೀ ಪ್ರಕರಣದಲ್ಲಿ ಆದ ಲಾಭ ಅದೊಂದೇ.

ಅಂತೂ ಮಿಲ್ಲು ಉದ್ಘಾಟನೆಯಾಯಿತು. ಸಾಹುಲ್ ಹಮೀದರು ನಾಲ್ಕು ಜನರ ಎದುರು, “ಇಷ್ಟು ಮನೆಯವರು ಮೊದಲ ದಿನವೇ ಭತ್ತ ತಂದದ್ದು ದೇರಣ್ಣನವರ ಉಪಕಾರ” ಎಂದರು. ದೇರಣ್ಣನ ಎದೆ ಉಬ್ಬಿತು. ಎಂಜಿನು ಕೆಮ್ಮಿತು, ಹೊಗೆ ಬಿಟ್ಟಿತು, ಕೊನೆಗೆ ಟುಕುಟುಕು ಎಂದು ಹಿಡಿದುಕೊಂಡಿತು. ಬೆಲ್ಟು ತಿರುಗಿತು. ಅಕ್ಕಿ ಸುರಿಯಿತು! ದೇರಣ್ಣ ಮಿಲ್ಲಿನ ಎದುರು ಜಾಗ ಗುಡಿಸಿ ಹುಲ್ಲು ಹಾಸಿ, ಕೋಲು ಬಲಗಡೆ, ಹಗ್ಗ ಎಡಗಡೆ ಇಟ್ಟು ಸಿದ್ಧನಾಗಿ ಕುಳಿತ.

ಒಳಗಿಂದ ಗೋಣಿಚೀಲವೊಂದು ಬಂತು. ತವುಡಾಗಿರಬೇಕು ಎಂದುಕೊಂಡ. ಎರಡನೆಯದು ಬಂತು. ಮೂರನೆಯದು ಬಂತು. ದಬ್ಬಣ ಹಿಡಿದ ಒಬ್ಬ ಆಸಾಮಿ ಬಾಯಿ ಹೊಲಿದು ಬದಿಗೆ ತಳ್ಳುತ್ತಿದ್ದ. ಒಂದು ಚೀಲದ ಬಾಯಿ ಹೊಲಿಯಲು ಅವನಿಗೆ ಎಂಟು ಹೊಲಿಗೆ ಸಾಕು. ದೇರಣ್ಣ ಎದ್ದು ಹೋಗಿ ಚೀಲಕ್ಕೆ ಕೈ ಹಾಕಿ ನೋಡಿದ. ಕುಚ್ಚಲಕ್ಕಿ! ಬಿಸಿಬಿಸಿ ಇತ್ತು.

“ಸಾಹುಕಾರ್ರೆ, ಮುಡಿ ಕಟ್ಟುದು ಯಾವಾಗ?”

“ಮುಡಿಯಾ?” ಸಾಹುಲ್ ಹಮೀದರಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಹಾಸಿದ ಹುಲ್ಲು ಕಂಡು ಮುಖ ಸಣ್ಣದಾಯಿತು. “ಅಲ್ಲ ದೇರಣ್ಣ, ಇದೆಲ್ಲ ಲಾರಿಯಲ್ಲಿ ಹೋಗುದಲ್ವಾ? ಮುಡಿ ಹಾಕಿದ್ರೆ ಒಂದು ತಿರುವಿನಲ್ಲಿ ಎಲ್ಲ ಒಂದು ಬದಿಗೆ ಉರುಳ್ತದೆ. ಚೀಲ ಆದ್ರೆ ಮಲಗಿಸಿದಲ್ಲಿ ಮಲಗ್ತದೆ.”

“ಹಾಗಾದ್ರೆ ಚಪ್ಪಟೆ ಕಟ್ತೇನೆ!”

“ಚಪ್ಪಟೆ ಬೇಕಾದ್ರೆ ಚೀಲವೇ ಉಂಟಲ್ಲ ಮಾರಾಯ್ರೆ.”

ಇಪ್ಪತ್ತೆರಡು ವರ್ಷ ಕೋಲಿನಿಂದ ಬಡಿದು ಬಡಿದು ಗುಂಡಗೆ ಮಾಡಿದವನಿಗೆ ಗುಂಡಗಿರುವುದೇ ದೋಷವೆಂದು ಅವತ್ತು ತಿಳಿಯಿತು. ಸಾಹುಲ್ ಹಮೀದರು ಒಳ್ಳೆಯವರು. ಪಾಪ ಎಂದು ಅವನ ಕೈಗೂ ಒಂದು ದಬ್ಬಣ ಕೊಟ್ಟರು. ಆದರೆ ಸಡಿಲ ಕಟ್ಟಿ ಗೊತ್ತಿಲ್ಲದ ಕೈ ಅದು! ಎಂಟು ಹೊಲಿಗೆಯ ಜಾಗಕ್ಕೆ ಅರವತ್ತು ಹೊಲಿಗೆ ಹಾಕಿದ, ಎರಡು ಸಲ ಹೆಬ್ಬೆರಳಿಗೂ ಹಾಕಿದ. ಲಾರಿಯವನು ಹಾರ್ನು ಒತ್ತಿ ಒತ್ತಿ ಸುಸ್ತಾದ. ಮಧ್ಯಾಹ್ನದ ಹೊತ್ತಿಗೆ ದಬ್ಬಣ ಮೊದಲಿನವನ ಕೈಗೇ ಹೋಯಿತು. ದೇರಣ್ಣ ಹುಲ್ಲು ಹೊತ್ತು ಮನೆಗೆ ಬಂದ.

ಮಿಲ್ಲು ಹೋದರೆ ಹೋಗಲಿ, ಹಳೆಯ ಮನೆಗಳು ಇವೆಯಲ್ಲ? ತ್ಯಾಂಪಣ್ಣ ಗೌಡರಲ್ಲಿಗೆ ಹೋದ. ಈ ಸಲ ಅಂಗಳದಲ್ಲಿ ಒನಕೆಯೂ ಇಲ್ಲ, ಹೆಂಗಸರೂ ಇಲ್ಲ.

“ಗೌಡ್ರೆ, ಮುಡಿ?”

“ಎಲ್ಲ ಮಿಲ್ಲಿನಿಂದ ಚೀಲದಲ್ಲೇ ಬಂತಲ್ಲ ಮಾರಾಯ. ಪುತ್ತೂರಿನ ಧಣಿಗಳೂ ಗೇಣಿಗೆ ಚೀಲ ಆಗಬಹುದು ಅಂದ್ರು. ಮಿಲ್ಲಿಗೆ ಕೊಡಿ ಅಂತ ನೀನೇ ಅಲ್ವಾ ಹೇಳಿದ್ದು?”

“ಹಾಗಾದ್ರೆ... ಆ ಹುಲ್ಲು ವಾಪಸು ತಕೊಂಡು ಎಮ್ಮೆ ಕೊಡ್ತೀರಾ?”

“ಎಮ್ಮೆ ಕರು ಹಾಕಿ ಆಯ್ತು. ಹೆಣ್ಣು ಕರು. ಹುಲ್ಲು ಬೇಕಾದ್ರೆ ತಂದು ಹಾಕು, ಅದಕ್ಕೇ ತಿನ್ನಿಸ್ತೇವೆ. ಹೋಗುವಾಗ ಒಂದು ತಂಬಿಗೆ ಮಜ್ಜಿಗೆ ಕೊಂಡುಹೋಗು.”

ತನ್ನ ಎಮ್ಮೆಯ ಮಜ್ಜಿಗೆಯನ್ನು ಧರ್ಮಕ್ಕೆ ಪಡೆದು ದೇರಣ್ಣ ಹೊರಟ. ಜಗಲಿಯಲ್ಲಿ ಕೂರು ಎಂದು ಯಾರೂ ಹೇಳಿರಲಿಲ್ಲ. ಅಂಗಳದಲ್ಲಿ ನಿಂತೇ ಮಾತು ಮುಗಿದಿತ್ತು ಎನ್ನುವುದು ಗದ್ದೆಯ ಬದು ದಾಟುವಾಗ ಹೊಳೆದು ಅವನಿಗೆ ಮೈಯೆಲ್ಲ ಉರಿಯಿತು. ಆ ಮಜ್ಜಿಗೆಯನ್ನು ಕಮಲಾವತಿ ಮುಟ್ಟಲಿಲ್ಲ.

ಅಂದಿನಿಂದ ಮನೆಯಲ್ಲಿ ಅಕ್ಕಿಗೆ ಬರಗಾಲ. ಗಂಜಿಯಲ್ಲಿ ಅನ್ನ ಹುಡುಕಬೇಕಾಯಿತು. ಕಮಲಾವತಿ ಒಂದು ವಾರ ನೋಡಿದಳು. ಎಂಟನೆಯ ದಿನ ಸೀರೆ ಎತ್ತಿ ಕಟ್ಟಿ ಮಿಲ್ಲಿಗೆ ಹೊರಟಳು.

“ಅಲ್ಲಿ ನಿನಗೆ ಎಂತ ಕೆಲಸ? ಅದು ಯಂತ್ರ!”

“ಯಂತ್ರಕ್ಕೆ ಭತ್ತ ಬೇಯಿಸ್ಲಿಕ್ಕೆ ಬರ್ತದಾ? ಬಿಸಿಲಿಗೆ ಹರಡಿ ಕಾಲಲ್ಲಿ ಮಗುಚ್ಲಿಕ್ಕೆ ಬರ್ತದಾ? ಅದು ಜಾಸ್ತಿ ತಿಂದಷ್ಟು ನಾವು ಜಾಸ್ತಿ ಒಣಗಿಸಿ ಕೊಡ್ಬೇಕು. ಹತ್ತು ಹೆಂಗಸರು ಬೇಕಂತೆ.”

ಉತ್ಪಾದನೆ ಹೆಚ್ಚಿದರೆ ಕೆಲಸ ಹೆಚ್ಚುತ್ತದೆ ಎಂದ ಗ್ರಾಮಸೇವಕರ ಮಾತು ಸುಳ್ಳಲ್ಲ. ದೇರಣ್ಣನ ಲೆಕ್ಕವೂ ಸುಳ್ಳಲ್ಲ. ಲಾಭ ಬಂದು ಬಿದ್ದದ್ದು ಮಾತ್ರ ಪಕ್ಕದ ಎಲೆಗೆ! ಹೆಂಡತಿ ಬೆಳಿಗ್ಗೆ ಹೋಗಿ ಕಾಲು ಸುಟ್ಟುಕೊಂಡು ಅಕ್ಕಿ ತರುತ್ತಿದ್ದಳು. ದೇರಣ್ಣ ಮನೆಯಲ್ಲಿ ನಾಲ್ಕು ಗಾಡಿ ಬಂಡವಾಳದ ನಡುವೆ ಕುಳಿತು ಗಂಜಿ ಬೇಯಿಸುತ್ತಿದ್ದ. ಒಲೆ ಹೊತ್ತಿಸಲು ಮಾತ್ರ ಹುಲ್ಲಿಗೆ ತೊಂದರೆ ಇರಲಿಲ್ಲ. ಬೈಸಿಕೊಳ್ಳಬೇಕೆಂದು ಅವನಿಗೆ ಎಷ್ಟು ಆಸೆಯಾಗುತ್ತಿತ್ತು! ಅವಳು ಬೈಯುತ್ತಿರಲಿಲ್ಲ. ಉಂಡು ಮಲಗುತ್ತಿದ್ದಳು.

ಹೀಗೆ ಎರಡು ವರ್ಷ ಕಳೆದ ಮೇಲೆ ಒಂದು ದಿನ ಕಮಲಾವತಿ ಮಿಲ್ಲಿನಿಂದ ಸುದ್ದಿ ತಂದಳು.

“ಸಾಹುಕಾರ್ರು ನಾಳೆ ಬರ್ಲಿಕ್ಕೆ ಹೇಳಿದ್ದಾರೆ. ಒಂದು ಮುಡಿ ಕಟ್ಟಬೇಕಂತೆ.”

ದೇರಣ್ಣ ಎದ್ದು ನಿಂತ. “ಒಂದಾ? ಶುರುವಿಗೆ ಒಂದು ಹೇಳಿರಬೇಕು. ಚೀಲದಲ್ಲಿ ಹುಳ ಬಿದ್ದಿರ್ತದೆ! ನನಗೆ ಗೊತ್ತಿತ್ತು ಕಮಲಾ, ಇವತ್ತಲ್ಲ ನಾಳೆ ಕರೀತಾರೆ ಅಂತ ಗೊತ್ತಿತ್ತು!”

ಕಮಲಾವತಿಗೂ ಒಂದು ಕ್ಷಣ ಆಸೆಯಾಯಿತು. ಅವಳೇ ಅವನ ಬಿಳಿ ಪಂಚೆಯನ್ನು ಒಗೆದು ಒಣಗಿಸಿದಳು. ಬೆಳಿಗ್ಗೆ ದೇರಣ್ಣ ಸ್ನಾನ ಮಾಡಿ, ಹುಲ್ಲಿನ ರಾಶಿಯಲ್ಲಿ ಬಣ್ಣ ಕೆಡದ ಎಳೆಗಳನ್ನು ಒಂದೊಂದಾಗಿ ಆರಿಸಿ ಹೊತ್ತು ಮಿಲ್ಲಿನ ಅಂಗಳ ತುಳಿದ. ಸಾಹುಲ್ ಹಮೀದರು ನಗುತ್ತ ಎದುರು ಬಂದರು.

“ಪುತ್ತೂರಿನಲ್ಲಿ ಹೊಸ ಅಂಗಡಿ ಹಾಕಿದ್ದೇನೆ ದೇರಣ್ಣ. ಎದುರಿಗೆ ಒಂದು ಮುಡಿ ಇಟ್ರೆ ಲಕ್ಷಣ ಅಲ್ವಾ? ಪೇಟೆಯ ಮಕ್ಕಳಿಗೆ ಮುಡಿ ಅಂದ್ರೆ ಎಂತ ಅಂತಲೇ ಗೊತ್ತಿಲ್ಲ.”

“ಆಗ್ಲಿ. ಮೂರು ಕಳಸೆ ಅಕ್ಕಿ ಅಳೆದು ಕೊಡಿ.”

“ಅಕ್ಕಿಯಾ? ಅಕ್ಕಿ ಹಾಕಿದ್ರೆ ಇಲಿ ಬರುದಿಲ್ವಾ? ನೋಡ್ಲಿಕ್ಕೆ ಇಡುದಲ್ವಾ ಅದು. ಹಿಂದೆ ಉಮಿ ರಾಶಿ ಉಂಟು, ಬೇಕಾದಷ್ಟು ತುಂಬಿಸಿ.”

ಉಮಿ! ಭತ್ತದಿಂದ ಅಕ್ಕಿ ತೆಗೆದ ಮೇಲೆ ಉಳಿಯುವ ಸಿಪ್ಪೆ! ದೇರಣ್ಣನಿಗೆ ಎದ್ದು ಹೋಗಿಬಿಡೋಣ ಅನಿಸಿತು. ಆದರೆ ಕೂಲಿಗೆ ಎರಡು ಸೇರು ಅಕ್ಕಿ ಎಂದು ಸಾಹುಕಾರ್ರು ಹೇಳಿದ್ದರು. ಎರಡು ವರ್ಷದಿಂದ ಅವನ ಕೈಯಿಂದ ಒಂದು ಕಾಳು ಮನೆಗೆ ಹೋಗಿರಲಿಲ್ಲ. ಮಿಲ್ಲಿನ ಹಿಂದಕ್ಕೆ ಹೋಗಿ ಉಮಿ ತುಂಬಿಕೊಂಡು ಬಂದ.

ಹಾಸಿದ. ಸುರಿದ. ಮಡಚಿದ. ಬಿಗಿದ. ಕಣ್ಣಲ್ಲಿ ನೀರು ಬಂದದ್ದು ಉಮಿಯ ಧೂಳಿಗೆ ಎಂದು ಒರೆಸಿಕೊಂಡ. ಸಿಟ್ಟೆಲ್ಲ ಕೋಲಿಗೆ ಬಂದು, ಜನ್ಮದಲ್ಲಿ ಬಡಿಯದಷ್ಟು ಬಡಿದ. ಇಂಥ ಮುಡಿಯನ್ನು ಅವನೇ ಹಿಂದೆ ಕಟ್ಟಿರಲಿಲ್ಲ. ಎಲ್ಲಿಂದ ನೋಡಿದರೂ ಗುಂಡಗೆ, ಹಗ್ಗದ ಸಾಲು ಎಳೆದಷ್ಟು ನೇರ. ಮುಗಿಸಿ, ಮುಖ ತೊಳೆಯಲೆಂದು ಬಾವಿಕಟ್ಟೆಗೆ ಹೋದ.

ಅಷ್ಟರಲ್ಲಿ ಭತ್ತ ಹರಡುತ್ತ ಕಮಲಾವತಿ ಅಲ್ಲಿಗೆ ಬಂದಳು. ಗಂಡ ಕಟ್ಟಿದ ಮುಡಿ! ಅವಳ ಮುಖ ಅರಳಿತು. ಭತ್ತ ಹರಡುವ ಜಾಗಕ್ಕೆ ಅಡ್ಡವಾಗಿತ್ತು. ಇನ್ನೊಬ್ಬಳನ್ನು ಕರೆದಳು. ಆ ಕಡೆಯಿಂದ ಅವಳು, ಈ ಕಡೆಯಿಂದ ಇವಳು, ಸೆರಗು ಸೊಂಟಕ್ಕೆ ಬಿಗಿದು, ನಲವತ್ತೆರಡು ಸೇರಿಗೆ ಬೇಕಾದ ಉಸಿರು ತುಂಬಿಕೊಂಡು, “ಹೂಂ, ಎತ್ತು!” ಎಂದು ಎತ್ತಿದರು.

ಮುಡಿ ತಲೆಯ ಮೇಲೆ ಹಾರಿತು! ಇಬ್ಬರೂ ಹಿಂದಕ್ಕೆ ಮಗುಚಿ ಬಿಸಿ ಭತ್ತದ ಮೇಲೆ ಬಿದ್ದರು. ಅಂಗಳದ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ದಬ್ಬಣದವನೂ ಹೊರಗೆ ಬಂದು ನಕ್ಕ. ಓಡಿ ಬಂದ ದೇರಣ್ಣನನ್ನು ಕಮಲಾವತಿ ಬಿದ್ದಲ್ಲಿಂದಲೇ ನೋಡಿದಳು. ಅವಳಿಗೆ ನಗು ಬರಲಿಲ್ಲ.

“ಉಮಿಯಾ?” ಎಂದು ಮೆಲ್ಲಗೆ ಕೇಳಿದಳು.

ದೇರಣ್ಣ ಹೌದೆಂದು ತಲೆ ಆಡಿಸಿದ. ಅವಳು ಎದ್ದು ಬೆನ್ನಿನ ಭತ್ತ ಕೊಡವಿ, ಮುಡಿಯನ್ನು ಒಂದೇ ಕೈಯಲ್ಲಿ ಹಿಡಿದು ನೆರಳಿಗೆ ಇಟ್ಟು ಬಂದಳು.

ಸಾಹುಲ್ ಹಮೀದರಿಗೆ ಬಹಳ ಖುಷಿಯಾಗಿತ್ತು. ಮುಡಿಯ ಸುತ್ತ ಎರಡು ಸುತ್ತು ಬಂದು, ಬೆರಳಿನಿಂದ ಒತ್ತಿ ನೋಡಿ, ಎರಡು ಸೇರಿನ ಮೇಲೆ ಇನ್ನೂ ಒಂದು ಮುಷ್ಟಿ ಅಕ್ಕಿ ಹಾಕಿಸಿದರು. ದೇರಣ್ಣ ಅಕ್ಕಿಯನ್ನು ಹೆಗಲ ಬೈರಾಸಿನಲ್ಲಿ ಕಟ್ಟಿಕೊಂಡು, ನಾಚಿಕೆ ಬಿಟ್ಟು ಕೇಳಿದ.

“ಇನ್ನೊಂದು ಯಾವಾಗ ಬೇಕಾದೀತು ಸಾಹುಕಾರ್ರೆ?”

“ಇನ್ನೊಂದಾ? ಉಮಿಗೆ ಹುಳ ಬೀಳ್ತದಾ ದೇರಣ್ಣ? ನೀವು ಕಟ್ಟಿದ್ದು ಅಲ್ವಾ, ಇಪ್ಪತ್ತು ವರ್ಷಕ್ಕೆ ಅದಕ್ಕೆ ಎಂತ ಆಗುದಿಲ್ಲ. ಬಿಚ್ಚಿಹೋದ್ರೆ ಖಂಡಿತ ನಿಮಗೇ ಹೇಳಿ ಕಳಿಸ್ತೇನೆ.”

ಆಯುಷ್ಯದಲ್ಲಿ ಮೊದಲ ಸಲ, ಸ್ವಲ್ಪ ಸಡಿಲ ಕಟ್ಟಬೇಕಿತ್ತು ಎಂದು ದೇರಣ್ಣನಿಗೆ ಅನಿಸಿತು.